ಲದ್ದಿಯಲ್ಲಿ ತಿಳಿವ ಬಸಿರು

ನಮ್ಮ ಪಾಲಕೋಡು ಸೀಮೆಯಲ್ಲಿ ಮಾರಂಡಹಳ್ಳಿಯಂಥ ಕನ್ನಡದ ಊರಹೆಸರು ಉಳಿದಿರುವಂತೆಯೇ ಆನೆಯ ಜಾಡೂ ಉಳಿದಿದೆ. ಕಾವೇರಿ ಕಣಿವೆಯ ಕಾಡಿನಿಂದ ಹೊಲಕ್ಕಿಳಿಯುವ ಹಿಂಡನ್ನು ತಮಟೆ ಬಡಿದು ಓಡಿಸುವ ನಾವು, ಅದರಲ್ಲಿ ಬಸುರಿ ಯಾವುದೆಂದು ಕೇಳಿದವರಲ್ಲ.

ಹಿಂದೆ ಕೇಳಿದ್ದರೂ ಉತ್ತರ ದೊರೆಯುತ್ತಿರಲಿಲ್ಲ. 1870ರ ದಶಕದಲ್ಲಿ ಸ್ಯಾಂಡರ್ಸನ್ನನು ಮೈಸೂರು ಸೀಮೆಯಲ್ಲಿ ಆರಂಭಿಸಿದ ಖೆಡ್ಡಾ 1971ರವರೆಗೂ ನಡೆಯಿತು. ಆ ಕಾಲದಲ್ಲೆಲ್ಲ ಕಣ್ಣಿಗೆ ಕಾಣುವ ಗುರುತೆಂದರೆ ಮುಂಗಾಲುಗಳ ನಡುವೆ ತುಂಬಿಬರುವ ಮೊಲೆ. ಇಪ್ಪತ್ತು ತಿಂಗಳಿಗೂ ಮೀರಿದ ಬಸಿರಿನಲ್ಲಿ ಅದು ಕಾಣುವುದು ತಡವಾಗಿ.

ರೋಸಲಿನ್ ಯಾಲೊ ಮತ್ತು ಬರ್ಸನ್ ಅವರು 1960ರ ಹೊತ್ತಿಗೆ ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ರೂಪಿಸಿದರು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂದಿತು. ಆದರೆ ಕಾಡಾನೆಯ ರಕ್ತ ತೆಗೆಯುವವರು ಯಾರು? ಅರಿವಳಿಕೆ ಕೊಟ್ಟು ಕೆಡವಿದರೆ ಬಸುರಿಗೇ ಅಪಾಯ. ಹಾರ್ಮೋನುಗಳ ಶೇಷ ಮಲಮೂತ್ರಗಳಲ್ಲಿ ಹೊರಬೀಳುತ್ತದೆಂಬ ತಿಳಿವಳಿಕೆಯೇ ದಾರಿ ತೋರಿತು. 1988ರಲ್ಲಿ ಬಬೂನ್ ಕೋತಿಗಳ ಮಲದಿಂದ ಬಸಿರನ್ನು ಅರಿಯುವ ಸಂಶೋಧನೆ ಪ್ರಕಟವಾಯಿತು.

ಆನೆಯ ವಿಷಯದಲ್ಲಿ ಒಂದು ತೊಡಕಿತ್ತು. ಅದರ ಒಡಲಲ್ಲಿ ಪ್ರೊಜೆಸ್ಟರಾನ್‌ಗಿಂತ ಅದರ ರೂಪಾಂತರಗಳೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರತ್ನಾ ಘೋಷಾಲ್, ಆರ್. ಸುಕುಮಾರ್, ಪಿ. ಬಿ. ಶೇಷಗಿರಿ ಮೊದಲಾದವರು 2012ರಲ್ಲಿ ಲದ್ದಿಯಲ್ಲಿನ ಅಂಥದೊಂದು ಅಂಶವನ್ನು ಅಳೆದು ಹೆಣ್ಣಾನೆಯ ಋತುಚಕ್ರವನ್ನು ಗುರುತಿಸಿ ತೋರಿಸಿದರು. ಹಸಿ ಲದ್ದಿಯನ್ನು ತಂದು, ಒಣಗಿಸಿ, ಮದ್ಯಸಾರದಲ್ಲಿ ಅದ್ದಿ ಹಾರ್ಮೋನಿನ ಶೇಷವನ್ನು ಬಿಡಿಸಿಕೊಂಡರೆ, ಮುಂದಿನದು ಬಣ್ಣದ ಗಾಢತೆಯನ್ನು ಅಳೆಯುವ ಕೆಲಸ. ಒಂದೇ ಮಾದರಿಯಿಂದ ಮಾತ್ರ ಬಸಿರೆನ್ನಲಾಗದು. ಸುಮಾರು ಹದಿನೈದು ವಾರಗಳ ಋತುಚಕ್ರದಲ್ಲಿಯೂ ಹಲವು ವಾರ ಈ ಅಂಶ ಏರಿರುತ್ತದೆ. ಏರಿದ್ದು ಇಳಿಯದೆ ತಿಂಗಳುಗಟ್ಟಲೆ ನಿಂತರೆ ಬಸಿರು. ಹಾಗಾಗಿ ಅದೇ ಆನೆಯ ಲದ್ದಿಯನ್ನು ಮತ್ತೆ ಮತ್ತೆ ಹುಡುಕಬೇಕು. ಕಾಡಿನಲ್ಲಿ ಇದು ಪ್ರಯೋಗಶಾಲೆಯ ಕೆಲಸಕ್ಕಿಂತ ಕಷ್ಟವೆಂದು ನಮ್ಮೆಣಿಕೆ.

2023ರ ಮಾರ್ಚಿನಲ್ಲಿ ಇದೇ ಮಾರಂಡಹಳ್ಳಿಯ ಬಳಿ, ಹೊಲದ ಸುತ್ತ ಅಕ್ರಮವಾಗಿ ವಿದ್ಯುತ್ ಹಾಯಿಸಿದ್ದ ತಂತಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಜೊತೆಗಿದ್ದ ಎರಡು ಮರಿಗಳು ಉಳಿದವು. ಹೆಣ್ಣಾನೆ ಒಂದು ಮರಿ ಹಾಕಿದ ಮೇಲೆ ಮತ್ತೊಂದಕ್ಕೆ ನಾಲ್ಕೈದು ವರ್ಷ ಬೇಕು. ಯಾವ ಹಿಂಡಿನಲ್ಲಿ ಎಷ್ಟು ಬಸುರಿಗಳಿವೆಯೆಂಬುದು ಮೊದಲೇ ತಿಳಿದರೆ, ಕಾವಲಿನವರು ಯಾವ ಜಾಡಿನ ತಂತಿಗಳನ್ನು ಮೊದಲು ಪರೀಕ್ಷಿಸಬೇಕೆಂಬುದೂ ತಿಳಿಯುತ್ತದೆ. ನಮ್ಮ ಹೊಲದ ಬದುವಿನಲ್ಲಿ ಬೆಳಗ್ಗೆ ಬಿದ್ದಿರುವ ಲದ್ದಿಯನ್ನು ನಾವು ಈವರೆಗೆ ಗೊಬ್ಬರದ ಗುಂಡಿಗೆ ಎಸೆಯುತ್ತ ಬಂದಿದ್ದೇವೆ.