ಹಾಡಿದವರ ಹೆಸರು, ಹಾಡಿನ ಹಣ

ಹೊಸ ಯಂತ್ರ ಬಂದಾಗಲೆಲ್ಲ ಗಾಯಕನ ಧ್ವನಿ ಇನ್ನಷ್ಟು ದೂರ ಸಾಗಿದೆ. ಆ ಧ್ವನಿಯ ಬೆಲೆ ಕಟ್ಟುವ ಅಧಿಕಾರ ಮಾತ್ರ ಅಷ್ಟು ಸುಲಭವಾಗಿ ಅವನ ಕೈಸೇರಿಲ್ಲ. ಅಂತರಜಾಲದಿಂದ ಕಲಾವಿದನಿಗೆ ಒಳಿತೋ ಕೆಡುಕೋ ಎಂದು ಚರ್ಚಿಸುವವರು ಈ ಹಳೆಯ ಕಥೆಯನ್ನು ನೆನೆಯುವುದು ಒಳ್ಳೆಯದು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ಬೆಳೆಯುತ್ತಿದ್ದ ಸಂಗೀತ ಮೂರು ನಿಮಿಷಕ್ಕೆ ಇಳಿಯಿತು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಯನ್ನು ಅಚ್ಚುಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ದೇಶವೆಲ್ಲ ಕೇಳಿದ ಆ ಕಂಠಕ್ಕೆ ಕೊನೆಗೆ ಆಸರೆಯಾದದ್ದು ತಟ್ಟೆಯಲ್ಲ, ಮೈಸೂರಿನ ಅರಮನೆ. 1928ರಲ್ಲಿ ಆಸ್ಥಾನ ವಿದುಷಿಯಾಗಿ ಬಂದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ತಟ್ಟೆಯ ಬಳಿಕ ಕ್ಯಾಸೆಟ್ಟು ಬಂತು. 1978ರ 'ನಿತ್ಯೋತ್ಸವ' ಧ್ವನಿಸುರುಳಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮನೆಗೆ ಮುಟ್ಟಿಸಿತು. ಕ್ಯಾಸೆಟ್ಟು ಅಗ್ಗ, ಕಳ್ಳಪ್ರತಿಯೂ ಅಷ್ಟೇ ಅಗ್ಗ. ಕೇಳುವವರು ಹೆಚ್ಚಿದಂತೆಲ್ಲ ಹಾಡಿದವರ ಗಳಿಕೆ ಹೆಚ್ಚಲೇಬೇಕೆಂಬ ನಿಯಮವಿರಲಿಲ್ಲ.

ಈಗ ನಮ್ಮ ನಾಡಿನ ಮಾತು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಿಪಾಠದ ಹಾಡುಗಳನ್ನು ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದರು. ಅದು ಹಾಡಿನ ಮಾತನ್ನು ಉಳಿಸಿತು. ದುಡಿ ಹಿಡಿದು ಹಾಡುವ ನಾಲ್ವರ ದನಿಯನ್ನು ಕಾಗದ ಹಿಡಿಯಲಾರದು. ಆ ಕೆಲಸವನ್ನು ಇಂದು ಜೇಬಿನ ಫೋನು ಮಾಡುತ್ತಿದೆ. ಹುದಿಕೇರಿಯ ಪುತ್ತರಿ ಹಾಡನ್ನು ಬೆಂಗಳೂರಿನಲ್ಲಿರುವ ಮಗ ಅಂದೇ ಕೇಳಬಲ್ಲ. ಯಾವ ಕಂಪೆನಿಯ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಇದು ಸಣ್ಣ ಲಾಭವೆಂದು ನಾನು ಹೇಳಲಾರೆ.

ಆದರೆ ಹಳೆಯ ದ್ವಾರಪಾಲಕ ಹೋದ ಜಾಗದಲ್ಲಿ ಲೆಕ್ಕದ ಗುಮಾಸ್ತ ಬಂದು ಕುಳಿತಿದ್ದಾನೆ. 2018ರಲ್ಲಿ ಯೂಟ್ಯೂಬು ಜಾಹೀರಾತಿನ ಪಾಲಿಗೆ 1000 ಚಂದಾದಾರರು, ವರ್ಷಕ್ಕೆ 4000 ಗಂಟೆಗಳ ವೀಕ್ಷಣೆ ಎಂಬ ಮಿತಿ ಹಾಕಿತು. 2024ರಿಂದ ಸ್ಪಾಟಿಫೈ, ವರ್ಷದಲ್ಲಿ 1000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಕಾಸು ಕೊಡುವುದಿಲ್ಲ. ಹಿಂದಿ ಹಾಡಿಗೆ ಇದು ಹೊಸಿಲು. 2011ರ ಜನಗಣತಿಯಲ್ಲಿ ಸುಮಾರು 1.13 ಲಕ್ಷ ಜನರ ನುಡಿಯಾಗಿದ್ದ ಕೊಡವ ತಕ್ಕಿನ ಹಾಡಿಗೆ ಇದೇ ಬೆಟ್ಟ. ಅಳತೆಗೋಲು ಒಂದೇ ಎಂದಮಾತ್ರಕ್ಕೆ ನ್ಯಾಯವೂ ಒಂದೇ ಆಗುವುದಿಲ್ಲ.

ಕಾನೂನು ಸುಮ್ಮನಿಲ್ಲ. 1994ರ ತಿದ್ದುಪಡಿ ಹಾಡುವವರಿಗೂ ಹಕ್ಕುಂಟೆಂದು ಒಪ್ಪಿತು. 2012ರ ತಿದ್ದುಪಡಿ ಅವರ ಹಾಡಿನ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲು ಕೊಟ್ಟಿತು. ಪರಂಪರೆಯ ಹಾಡಿಗೆ ಒಡೆಯನಿಲ್ಲದಿರಬಹುದು. ಅದನ್ನು ಇಂದು ಹಾಡಿದ ಕಂಠಕ್ಕೆ ಒಡೆಯನಿದ್ದಾನೆ. ಆದರೆ 'ಕೊಡವ ಜಾನಪದ' ಎಂಬ ಎರಡೇ ಪದಗಳ ತಲೆಬರಹದಡಿ ನಾಲ್ವರು ಹಾಡುಗಾರರು ಅನಾಮಿಕರಾದರೆ ಹಕ್ಕನ್ನು ಕೇಳುವವರು ಯಾರು?

ಆದಕಾರಣ ಧ್ವನಿ ಹಿಡಿಯುವ ತರುಣರಲ್ಲಿ ನನ್ನ ಬಿನ್ನಹವಿಷ್ಟೆ: ಮೊದಲು ಹಾಡುಗಾರರ ಒಪ್ಪಿಗೆ ಕೇಳಿ, ಅವರ ಹೆಸರು, ಊರು, ಮನೆತನಗಳನ್ನು ಹಾಡಿನೊಡನೆ ಬರೆಯಿರಿ, ನಾಲ್ಕು ಕಾಸು ಬಂದರೆ ಹೇಗೆ ಹಂಚಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಹಣ ಬರಬಹುದು, ಬಾರದಿರಬಹುದು. ಬಂದ ದಿನ ಅದು ಯಾರ ಮನೆಗೆ ಸೇರಬೇಕೆಂಬುದಾದರೂ ತಿಳಿದಿರಲಿ.