ಎರಡು ಸೂಟ್‌ಕೇಸ್‌ಗಳಲ್ಲಿ ಉಳಿದ ತರಗತಿ

1942ರ ಡಿಸೆಂಬರ್‌ನಲ್ಲಿ ನಾಜಿಗಳು ಯಹೂದಿ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರನ್ನು ಜೆಕ್ ನೆಲದ ಟೆರೆಜಿನ್ ಗೆಟ್ಟೋಗೆ ಸಾಗಿಸಿದರು. ಜೊತೆಗೊಯ್ಯಲು ಸಿಕ್ಕ ಮಿತವಾದ ಸಾಮಾನಿನಲ್ಲೇ ಅವರು ಚಿತ್ರ ಬಿಡಿಸುವ ಸಾಮಗ್ರಿಯನ್ನೂ ತುಂಬಿಕೊಂಡಿದ್ದರು.

ಅಲ್ಲಿ ಮಕ್ಕಳಿಗೆ ಶಾಲೆ ನಿಷಿದ್ಧವಾಗಿತ್ತು. ಹಾಡಿಗೂ ಚಿತ್ರಕ್ಕೂ ಅಡ್ಡಿಯಿರಲಿಲ್ಲ. ಆ ಕಿಂಡಿಯಲ್ಲೇ ಫ್ರೀಡ್ಲ್ ತರಗತಿ ಕಟ್ಟಿದರು. ಎಷ್ಟೋ ಮಕ್ಕಳು ಹೆತ್ತವರಿಂದ ಬೇರೆಯಾಗಿ ಕಿಕ್ಕಿರಿದ ಕೋಣೆಗಳಲ್ಲಿದ್ದರು. ಹಸಿವು, ಕಾಯಿಲೆ, ಪೂರ್ವಕ್ಕೆ ಹೊರಡುವ ರೈಲಿನ ಭಯ ಬೇರೆ. ಅಂಥವರಿಗೆ ಅವರು ಕಲಿಸಿದ್ದು ಗೆರೆಯ ಲಯ, ಬಣ್ಣ, ಎದುರಿಗಿರುವ ವಸ್ತುವನ್ನು ನೆಟ್ಟು ನೋಡುವ ಅಭ್ಯಾಸ. ಉಳಿದಿರುವ ಚಿತ್ರಗಳಲ್ಲಿ ಗೆಟ್ಟೋದ ಅಟ್ಟಣಿಗೆ ಮಂಚಗಳಿವೆ. ಹೂವು, ಚಿಟ್ಟೆ, ಮನೆಗಳೂ ಇವೆ. ಮಕ್ಕಳು ಚಿತ್ರದ ಮೇಲೆ ತಮ್ಮ ಹೆಸರು ಬರೆಯಬೇಕೆಂದು ಅವರು ಹೇಳುತ್ತಿದ್ದರು. ಸಾಗಣೆಪಟ್ಟಿಯಲ್ಲಿ ಬರೀ ಸಂಖ್ಯೆಯಾಗಿದ್ದ ಮಗು ಕಾಗದದ ಮೇಲೆ ಮತ್ತೆ ಹೆಸರಾಗುತ್ತಿತ್ತು.

1944ರ ಅಕ್ಟೋಬರ್‌ನಲ್ಲಿ ಫ್ರೀಡ್ಲ್ ಅವರನ್ನು ಆಶ್ವಿಟ್ಜ್‌ಗೆ ಒಯ್ದು ಕೊಂದರು. ಅವರ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಕ್ಕಳೂ ಉಳಿಯಲಿಲ್ಲ. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಮಾತ್ರ ಉಳಿದವು. ಅವು ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅವರ ಹಳೆಯ ಶಿಷ್ಯೆ ಎಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಕಲಾಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು.

ಆ ತರಗತಿ ಮಕ್ಕಳ ಜೀವ ಉಳಿಸಲಿಲ್ಲ. ಅದು ಶಿಕ್ಷಕರ ಕೈಯಲ್ಲಿರಲಿಲ್ಲ. ನೊಂದ ಮಗುವಿಗೆ ಶಾಲೆ ಮೊದಲು ಕೊಡಬೇಕಾದದ್ದು ಏನೆಂಬುದನ್ನು ಮಾತ್ರ ತೋರಿಸಿತು: ಭಯವಿಲ್ಲದ ಒಂದು ಗಂಟೆ, ಕೈಗೊಂದು ಕೆಲಸ, ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯರು.