ಹೊಗೆ ಅಂದುಕೊಂಡಿದ್ದು

1898ರ ಆಸುಪಾಸು. ಅಮೆರಿಕದ ನ್ಯೂ ಮೆಕ್ಸಿಕೋದ ಒಣ ಗುಡ್ಡಗಳಲ್ಲಿ ದನ ಕಾಯುತ್ತಿದ್ದ ಜಿಮ್ ವೈಟ್ ಅನ್ನೋ ಹದಿನಾರರ ಹುಡುಗನಿಗೆ ಒಂದು ಸಂಜೆ ದೂರದಲ್ಲಿ ನೆಲದೊಳಗಿಂದ ಕಪ್ಪು ಹೊಗೆ ಏಳುತ್ತಿರುವಂತೆ ಕಂಡಿತು. ಜ್ವಾಲಾಮುಖಿಯೇನಾದ್ರೂ ಇರಬಹುದಾ ಅಂತ ಹತ್ತಿರ ಹೋದ. ಹೊಗೆ ಅಲ್ಲ, ಬಾವಲಿಗಳು. ಬಾಯಿ ತೆರೆದುಕೊಂಡಿದ್ದ ದೊಡ್ಡದೊಂದು ಗವಿಯಿಂದ ಲಕ್ಷಗಟ್ಟಲೆ ಬಾವಲಿಗಳು ಸುತ್ತುತ್ತಾ ಸುತ್ತುತ್ತಾ ಮೇಲೇರಿ ಬೇಟೆಗೆ ಹೊರಟಿದ್ದವು. ಕೆಲವು ದಿನ ಬಿಟ್ಟು ಹುಡುಗ ತಾನೇ ಒಂದು ಏಣಿ ಮಾಡಿಕೊಂಡು, ಸೀಮೆಎಣ್ಣೆ ದೀಪ ಹಿಡಿದು ಒಳಗಿಳಿದ. ಇವತ್ತು ಆ ಜಾಗದ ಹೆಸರು ಕಾರ್ಲ್ಸ್‌ಬಾಡ್ ಕ್ಯಾವರ್ನ್ಸ್ ನ್ಯಾಷನಲ್ ಪಾರ್ಕ್.

ಬಾವಲಿ ಅಂದ ಕೂಡಲೇ ನಮಗೆ ನೆನಪಾಗೋದು ಊರಾಚೆಯ ಆಲದ ಮರಕ್ಕೆ ಜೋತುಬಿದ್ದಿರೋ, ಹಣ್ಣು ತಿನ್ನೋ ದೊಡ್ಡ ಬಾವಲಿ. ಇದು ಅದಲ್ಲ. ಹುಳ ಹಿಡಿದು ತಿನ್ನೋ ಪುಟ್ಟ ಜಾತಿ. ಮೂರು ಒಂದ್ರೂಪಾಯಿ ನಾಣ್ಯದಷ್ಟು ತೂಕ. ಆನ್‌ಸೈಟ್ ಅಂತ ಆಸ್ಟಿನ್‌ಗೆ ಹೋದವರು ಕಾಂಗ್ರೆಸ್ ಅವೆನ್ಯೂ ಸೇತುವೆ ಮೇಲೆ ನಿಂತು ಸಂಜೆ ನೋಡಿರ್ತೀರಲ್ಲ, ಅದೇ ಮೆಕ್ಸಿಕನ್ ಫ್ರೀ-ಟೇಲ್ಡ್ ಬಾವಲಿ.

ಜಿಮ್ ವೈಟ್ ಗವಿಯೊಳಗಿನ ಸುಣ್ಣಕಲ್ಲಿನ ಕಂಬಗಳ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದು ಗೊಬ್ಬರ. ಸಾವಿರಾರು ವರ್ಷ ಬಿದ್ದು ಬಿದ್ದು ದಪ್ಪಗಟ್ಟಿದ್ದ ಹಿಕ್ಕೆಯನ್ನ ಸುಮಾರು ಎರಡು ದಶಕ ಅಗೆದರು. ಲಕ್ಷ ಟನ್ನಿಗೂ ಮೇಲೆ. ಬಹುಪಾಲು ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಿಗೆ ಹೋಯಿತು. ಜಿಮ್ಮೂ ಅಲ್ಲೇ ಕೆಲಸಕ್ಕೆ ಸೇರಿಕೊಂಡ. ಗವಿ ನೋಡಬೇಕು ಅಂತ ಬಂದ ಒಬ್ಬಿಬ್ಬರನ್ನ ಅದೇ ಗೊಬ್ಬರದ ಬಕೆಟ್‌ನಲ್ಲಿ ಕೂರಿಸಿ 170 ಅಡಿ ಕೆಳಗೆ ಇಳಿಸುತ್ತಿದ್ದರು. 1923ರಲ್ಲಿ ಅದು ರಾಷ್ಟ್ರೀಯ ಸ್ಮಾರಕ, 1930ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು.

ಇನ್ನು ಲೈಟಲ್ ಆಡಮ್ಸ್ ಕತೆ. ಪೆನ್ಸಿಲ್ವೇನಿಯಾದ ಹಲ್ಲಿನ ಡಾಕ್ಟರು. ರಜೆಗೆ ಕಾರ್ಲ್ಸ್‌ಬಾಡ್‌ಗೆ ಬಂದು, ಬಾವಲಿ ನೋಡಿ ಬೆರಗಾಗಿ, ಕಾರಿನಲ್ಲಿ ಊರಿಗೆ ವಾಪಸಾಗುತ್ತಿದ್ದಾಗ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಸುದ್ದಿ ಬಂತು. 1941ರ ಡಿಸೆಂಬರ್ 7. ದಾರಿಯಲ್ಲೇ ಅವರ ತಲೆ ಓಡಿತು. ಜಪಾನಿನ ಮನೆಗಳು ಮರ, ಕಾಗದದವು. ಬಾವಲಿಗಳು ಬೆಳಗಾಗೋದ್ರೊಳಗೆ ಕತ್ತಲ ಸಂದಿ ಹುಡುಕಿ ಸೇರಿಕೊಳ್ಳುತ್ತವೆ. ಒಂದೊಂದಕ್ಕೂ ಪುಟ್ಟ ಬೆಂಕಿಬಾಂಬು ಕಟ್ಟಿ ಊರ ಮೇಲೆ ಬಿಟ್ಟರೆ? ಸೂರುಗಳ ಸಂದಿಯಲ್ಲೆಲ್ಲ ಒಟ್ಟಿಗೆ ಬೆಂಕಿ.

ಆಡಮ್ಸ್‌ಗೆ ಎಲಿನಾರ್ ರೂಸ್‌ವೆಲ್ಟ್ ಪರಿಚಯವಿತ್ತು. 1942ರ ಜನವರಿಯಲ್ಲಿ ಪತ್ರ ವೈಟ್ ಹೌಸ್ ಮುಟ್ಟಿತು. ಈ ಮನುಷ್ಯ ಹುಚ್ಚನಲ್ಲ, ವಿಚಾರಿಸಿ ನೋಡಿ ಅಂತ ಅಧ್ಯಕ್ಷರು ಷರಾ ಬರೆದು ಮುಂದೆ ಕಳಿಸಿದರು. ಆಮೇಲೆ ಶುರುವಾಯಿತು ನೋಡಿ. ಬಾವಲಿಗಳು ಪ್ರತಿಧ್ವನಿ ಕೇಳಿಸಿಕೊಂಡೇ ದಾರಿ ಹುಡುಕುತ್ತವೆ ಅಂತ ಆಗಷ್ಟೇ ತೋರಿಸಿಕೊಟ್ಟಿದ್ದ ವಿಜ್ಞಾನಿ ಡೊನಾಲ್ಡ್ ಗ್ರಿಫಿನ್, ಇದನ್ನ ಪ್ರಯತ್ನಿಸಬಹುದು ಅಂದರು. ಹಾರ್ವರ್ಡ್‌ನಲ್ಲಿ ನೇಪಾಮ್ ಕಂಡುಹಿಡಿದ ಲೂಯಿ ಫೀಸರ್ ಬಾವಲಿ ಹೊರಬಲ್ಲಷ್ಟು ಚಿಕ್ಕ ಬಾಂಬು ತಯಾರಿಸಿದರು. ಟೆಕ್ಸಾಸ್ ಗವಿಗಳಿಂದ ಸಾವಿರಾರು ಬಾವಲಿ ಹಿಡಿದು, ತಣ್ಣಗಿಟ್ಟು ನಿದ್ದೆಗೆ ಕೆಡವಿ, ಪೆಟ್ಟಿಗೆಗೆ ತುಂಬಿ, ವಿಮಾನದಿಂದ ಬಿಟ್ಟು ನೋಡಿದರು. ಎಷ್ಟೋ ಬಾವಲಿಗಳಿಗೆ ಎಚ್ಚರವೇ ಆಗಲಿಲ್ಲ. ಕಲ್ಲಿನಂತೆ ನೆಲಕ್ಕೆ ಬಿದ್ದು ಸತ್ತವು.

1943ರ ಮೇ ತಿಂಗಳಲ್ಲಿ ಪ್ರಯೋಗ ನಡೆದದ್ದು ಇದೇ ಕಾರ್ಲ್ಸ್‌ಬಾಡ್ ಹತ್ತಿರ, ಸೇನೆ ಹೊಸದಾಗಿ ಕಟ್ಟಿದ್ದ ವಿಮಾನ ನಿಲ್ದಾಣದಲ್ಲಿ. ನಿಜವಾದ ಬಾಂಬು ಕಟ್ಟಿದ್ದ ಕೆಲವು ಬಾವಲಿಗಳು ಎಚ್ಚರಗೊಂಡು ತಪ್ಪಿಸಿಕೊಂಡವು. ಹತ್ತಿರದ ಕಟ್ಟಡಗಳ ಸಂದಿ ಸೇರಿಕೊಂಡವು. ಡಾಕ್ಟರು ಹೇಳಿದ್ದಂತೆಯೇ! ಹೊಸ ನಿಲ್ದಾಣ ಹತ್ತಿ ಉರಿಯಿತು. ಒಬ್ಬ ಜನರಲ್ ಸಾಹೇಬರ ಕಾರೂ ಸುಟ್ಟಿತಂತೆ.

ಆದರೂ ಯೋಜನೆ ನಿಲ್ಲಲಿಲ್ಲ. ಭೂಸೇನೆ ಕೈಬಿಟ್ಟದ್ದನ್ನ ನೌಕಾಪಡೆ ಎತ್ತಿಕೊಂಡು ಮರೀನ್‌ಗಳಿಗೆ ದಾಟಿಸಿತು. ಪ್ರಾಜೆಕ್ಟ್ ಎಕ್ಸ್-ರೇ ಅಂತ ಹೆಸರೂ ಇಟ್ಟರು. 20 ಲಕ್ಷ ಡಾಲರ್ ಸುರಿದ ಮೇಲೆ, 1944ರಲ್ಲಿ, ಇದು ಇನ್ನೂ ಒಂದು ವರ್ಷ ಎಳೆಯುತ್ತೆ ಅಂತ ಗೊತ್ತಾಗಿ ಮುಚ್ಚಿದರು. ಈ ಕತೆ ಹೇಳಿದಾಗ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ 1945ರ ಮಾರ್ಚ್‌ನ ಒಂದು ರಾತ್ರಿ ಟೋಕಿಯೋದ ಮರದ ಮನೆಗಳ ಮೇಲೆ ಬಿ-29 ವಿಮಾನಗಳು ಸುರಿದದ್ದೂ ನೇಪಾಮೇ. ಬಾವಲಿ ಬೇಕಾಗಲಿಲ್ಲ ಅಷ್ಟೇ.

ಯುದ್ಧ ಮುಗಿದ ಮೇಲೆ ಬಾವಲಿಗೆ ಬೇರೆ ಗಂಡಾಂತರ ಬಂತು. 1930ರ ದಶಕದಲ್ಲಿ ಒಬ್ಬರು ಕಾರ್ಲ್ಸ್‌ಬಾಡ್‌ನಲ್ಲಿ 87 ಲಕ್ಷ ಬಾವಲಿ ಇವೆ ಅಂತ ಅಂದಾಜಿಸಿದ್ದರು. ಅದು ಅತಿಯಾಯ್ತು ಅಂತ ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಆದರೂ 1973ರ ಹೊತ್ತಿಗೆ ಲೆಕ್ಕ 2 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹೊಲಗಳಿಗೆ ಹೊಡೆದ ಡಿಡಿಟಿ ಹುಳಗಳ ಮೂಲಕ ಬಾವಲಿಗೆ, ತಾಯಿಯ ಹಾಲಿನಿಂದ ಮರಿಗೆ ಹೋಗುತ್ತಿತ್ತು. ಅದು ಹೇಗೆ ಕೊಲ್ಲುತ್ತಿತ್ತು ಅನ್ನೋದು 1976ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ವಿಷ ಮರಿಯ ಕೊಬ್ಬಿನಲ್ಲಿ ಸುಮ್ಮನೆ ಕೂತಿರುತ್ತೆ. ಚಳಿಗಾಲಕ್ಕೆ ಮೊದಲ ಸಲ ಮೆಕ್ಸಿಕೋ ಕಡೆ ಹಾರುವಾಗ ಕೊಬ್ಬು ಕರಗಿ ವಿಷ ಮಿದುಳಿಗೇರುತ್ತೆ. ಅಂದರೆ ಗವಿಯ ಬಾಯಲ್ಲಿ ಕೂತು ನೋಡಿದವರಿಗೆ ಎಲ್ಲ ಸರಿಯಾಗೇ ಕಂಡಿರುತ್ತೆ. ಮರಿಗಳು ಚೆನ್ನಾಗೇ ಹಾರಿ ಹೋಗಿರುತ್ತವೆ.

ಈಗ ಗವಿಯ ಬಾಯಿಯ ಮುಂದೆ ಅರ್ಧಚಂದ್ರಾಕಾರದ ಮೆಟ್ಟಿಲು ಕಟ್ಟಿದ್ದಾರೆ. ಬೇಸಿಗೆಯ ಸಂಜೆಗಳಲ್ಲಿ ಜನ ಬಂದು ಕೂರುತ್ತಾರೆ. ಬಾವಲಿಗಳಿಗೆ ತೊಂದರೆಯಾಗುತ್ತೆ ಅಂತ ಮೊಬೈಲು, ಕ್ಯಾಮೆರಾ, ಲ್ಯಾಪ್‌ಟಾಪು ಯಾವುದಕ್ಕೂ ಅವಕಾಶವಿಲ್ಲ. ಸೆಲ್ಫಿಗೂ ಇಲ್ಲ, ಆಫೀಸ್ ಕಾಲ್‌ಗೂ ಇಲ್ಲ. ರೇಂಜರ್ ಮಾತು ಮುಗಿಸುತ್ತಾರೆ, ಮೊದಲು ನಾಲ್ಕಾರು ಬಾವಲಿ, ಆಮೇಲೆ ಒಂದು ಕಂಬವೇ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತಾ ಮೇಲೇಳುತ್ತೆ.

ಕತ್ತಲಾದ ಮೇಲೆ ಎಲ್ಲರೂ ಫೋನ್ ಆನ್ ಮಾಡಿಕೊಂಡು ಕಾರಿನತ್ತ ಹೋಗುತ್ತಾರೆ. ಬಾವಲಿಗಳು ವಾಪಸು ಬರೋದು ನಸುಕಿನಲ್ಲಿ. ಮೇಲಿನಿಂದ ರೆಕ್ಕೆ ಮಡಚಿ, ಝುಮ್ಮೆಂದು ಸದ್ದು ಮಾಡುತ್ತಾ ಒಂದೊಂದಾಗಿ ಗವಿಯೊಳಕ್ಕೆ ಧುಮುಕುತ್ತವೆ. ಅಷ್ಟು ಹೊತ್ತಿಗೆ ಎದ್ದು ನೋಡೋಕೆ ಬರುವವರು ಬಹಳ ಕಡಿಮೆ.